ಇಳಿಯುವಾಗ ಇಂಜಿನ್ ಬಂದ್

2 ಜುಲೈ 2009, ಗುರುವಾರ

ಡೀಸೆಲ್ ಲೀಟರಿಗೆ ಎರಡು ರೂಪಾಯಿ ಏರಿದೆ. ಪೇಪರ್ ಬರುವ ಮೊದಲೇ ನಮ್ಮ ಡ್ರೈವರ್ ಗ್ಯಾನಪ್ಪ ಬಂಕಿನಿಂದ ಸುದ್ದಿ ತಂದಿದ್ದ. ಕಾಶೀಂಸಾಬರು ಹತ್ತು ಗಂಟೆಗೆ ಆಫೀಸಿಗೆ ಬಂದವರು ಟೋಪಿ ತೆಗೆದು ಟೇಬಲ್ಲಿನ ಮೇಲಿಟ್ಟು ಸುಮ್ಮನೆ ಕೂತರು. ಅವರ ಟ್ರಾನ್ಸ್‌ಪೋರ್ಟಿನಲ್ಲಿ ನಾನು ಮ್ಯಾನೇಜರನಾಗಿ ಹನ್ನೊಂದು ವರ್ಷವಾಯಿತು. ಅವರು ಹಾಗೆ ಕೂತದ್ದನ್ನು ಒಂದೇ ಸಲ ನೋಡಿದ್ದೆ, ಅವರ ತಂದೆ ತೀರಿಕೊಂಡಾಗ.

"ಈಶಪ್ಪ, ಐದು ಲಾರಿ ಇಟಗೊಂಡು ನಾ ಬಂಕಿನವಗ ದುಡ್ಯಾಕತ್ತೀನಿ. ದಸರಾತನಕ ನೋಡ್ತೀನಿ. ಆವರೇಜ ಏರಲಿಲ್ಲಂದ್ರ ಖಂಡೇನವಮಿ ಪೂಜಿ ಮುಗಿಸಿ ಎರಡು ಗಾಡಿ ಮಾರಿಬಿಡ್ತೀನಿ."

"ಯಾವ ಎರಡ್ರಿ?"

"ಯಾವು ಭಾಳ ಕುಡೀತಾವೋ ಅವು."

ಎಲ್ಲಕ್ಕಿಂತ ಹೆಚ್ಚು ಕುಡಿಯುವುದು ಮೂರನೇ ಗಾಡಿ. ಆವರೇಜ್ ಲೀಟರಿಗೆ 3.7 ಕಿಲೋಮೀಟರಿನ ಮೇಲೆ ಏರಿಲ್ಲ. ಅದರ ಡ್ರೈವರ್ ಲಕ್ಕಲಕಟ್ಟಿಯ ಗವಿಸಿದ್ದಪ್ಪ. ವಯಸ್ಸು ಐವತ್ತೆರಡು. ಸ್ಟೀರಿಂಗ್ ಹಿಡಿದು ಇಪ್ಪತ್ತೊಂಬತ್ತು ವರ್ಷ, ಪೊಲೀಸ್ ಠಾಣೆಯಲ್ಲಿ ಒಂದು ಕೇಸಿಲ್ಲ. ಆದರೆ ಈ ವಯಸ್ಸಿನಲ್ಲಿ ಇನ್ನೊಬ್ಬ ಮಾಲಕ ಅವನ ಕೈಗೆ ಗಾಡಿ ಕೊಡುವುದಿಲ್ಲ. ಗಾಡಿ ಹೋದರೆ ಅವನೂ ಹೋದ.

ಕಾಶೀಂಸಾಬರು ಅವನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

5 ಜುಲೈ, ರವಿವಾರ

ಐದೂ ಜನ ಡ್ರೈವರುಗಳನ್ನು ಕೂಡಿಸಿದೆ. ದಸರಾ ಗಡುವಿನ ಮಾತು ತಿಳಿಸಿದೆ. ಇನ್ನು ಮುಂದೆ ಪ್ರತಿ ಟ್ರಿಪ್ಪಿಗೆ ಟಾಕಿ ತುಂಬಿಸಿ ಮೀಟರ್ ಬರೆಸಬೇಕು, ಗಾಡಿಗೊಂದು ಹಾಳೆ ಇಡುತ್ತೇನೆ ಎಂದೆ.

ಒಂದನೇ ಗಾಡಿಯ ಗ್ಯಾನಪ್ಪ ಸುಮ್ಮನಿರುವ ಜಾತಿಯವನಲ್ಲ. "ಮ್ಯಾನೇಜರ್ರ, ಗಾಡಿಗಂತೂ ಮೀಟರ ಐತಿ. ನಮ್ಮ ಹೊಟ್ಟಿಗೂ ಒಂದ ಹಚ್ಚಿಬಿಡ್ರಿ. ಒಂದ ಕಪ್ ಚಾಕ್ಕ ಎಷ್ಟ ಕಿಲೋಮೀಟರ ಓಡ್ತೀವಿ ಅಂತ ತಿಳೀತದ."

"ನಿನಗ ಹಚ್ಚಿದ್ರ ಮೀಟರ ಸುಟ್ಟ ಹೊಕ್ಕೈತಿ," ಎಂದ ಇನ್ನೊಬ್ಬ ಡ್ರೈವರ್ ಮೈನುದ್ದೀನ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಗವಿಸಿದ್ದಪ್ಪ ಎಲ್ಲರೂ ಎದ್ದ ಮೇಲೆ ಉಳಿದ. "ನನ್ನ ಗಾಡೀದ ಬ್ಯಾಟರಿ ಸತ್ತೈತ್ರಿ. ಒಮ್ಮೆ ಬಂದ ಮಾಡಿದ್ರ ನಾಕ ಮಂದಿ ದಬ್ಬಬೇಕು. ಅದಕ್ಕ ಚಾಕ್ಕ ನಿಂತ್ರೂ ಚಾಲೂನ ಬಿಟ್ಟಿರ್ತೀನ್ರಿ. ಒಂದ ಬ್ಯಾಟರಿ ಕೊಡಸ್ರಿ, ಆವರೇಜ ತಾನ ಏರತೈತಿ."

"ದಸರಾ ಆಗಲಿ ತಡಿ," ಎಂದೆ.

ಮಾರಬಹುದಾದ ಗಾಡಿಗೆ ಹೊಸ ಬ್ಯಾಟರಿ ಹಾಕುವುದು ಬುದ್ಧಿಯಲ್ಲ. ಇದನ್ನು ಅವನಿಗೆ ಹೇಳುವುದೂ ಬುದ್ಧಿಯಲ್ಲ.

9 ಜುಲೈ, ಗುರುವಾರ

ನರಗುಂದಕ್ಕೆ ಗ್ಯಾನಪ್ಪನ ಜೊತೆ ಹತ್ತಿ ಲೋಡಿಗೆ ಹೋಗಿದ್ದೆ. ಕೈಗಡಿಯಾರ ನೋಡುತ್ತಲೇ ಹೋದೆ, ನೋಡುತ್ತಲೇ ಬಂದೆ. ಗಾಡಿ ನಿಂತಿದ್ದು ಆರು ಕಡೆ. ಒಂದು ಕಡೆಯೂ ಇಂಜಿನ್ ಬಂದ್ ಮಾಡಲಿಲ್ಲ. ರೋಣದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುವಾಗ ಮೂವತ್ತೈದು ನಿಮಿಷ, ಮಿಲ್ಲಿನ ಗೇಟಿನಲ್ಲಿ ಐವತ್ತು. ನಿಂತಲ್ಲೇ ಉರಿದದ್ದು ಒಟ್ಟು ಎರಡು ತಾಸಿಗೆ ಹತ್ತು ನಿಮಿಷ ಕಡಿಮೆ.

ಗ್ಯಾನಪ್ಪನ ಬ್ಯಾಟರಿ ಚಲೋ ಇದೆ. ಹಾಗಾದರೆ ಬಂದ್ ಮಾಡದಿರುವುದು ರೂಢಿ ಮಾತ್ರ. ಕೇಳಿದರೆ, "ಚಾಲೂ ಇದ್ರ ಹೋಟೆಲಿನಾಂವ ಲಗೂನ ಚಾ ಕೊಡ್ತಾನ್ರಿ, ಅವಸರದಾಗ ಅದಾನಂತ," ಎಂದ.

ಐದು ಗಾಡಿಯ ಮೂವತ್ತು ಗಾಲಿಗಳಲ್ಲಿ ಏಳಕ್ಕೆ ಹವಾ ಕಡಿಮೆ ಇತ್ತು. ಅದೂ ಡೀಸೆಲ್ ತಿನ್ನುತ್ತದೆ.

12 ಜುಲೈ, ರವಿವಾರ

ತಗಡಿನ ಬೋರ್ಡು ಬರೆದೆ. ಪೇಂಟರನನ್ನು ಕರೆಯಲಿಲ್ಲ. ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ಎಂಟು ವರ್ಷ ಕರಡು ತಿದ್ದಿದವನ ಅಕ್ಷರ ಇನ್ನೂ ಕೆಟ್ಟಿಲ್ಲ. ಮೂರು ಸಾಲು:

ಹೊರಡುವಾಗ ಟೈರಿನ ಹವಾ ನೋಡಿರಿ.
ಇಳಿಯುವಾಗ ಇಂಜಿನ್ ಬಂದ್ ಮಾಡಿರಿ.
ಬರುವಾಗ ಖಾಲಿ ಬರಬೇಡಿರಿ.

ಎರಡನೇ ಸಾಲಿಗೆ ಮೊದಲು 'ಗಾಡಿಯಿಂದ ಇಳಿಯುವಾಗ' ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಿದ್ದೆ. ತಗಡಿನ ಅಗಲ ಸಾಲಲಿಲ್ಲ. ಡ್ರೈವರ್ ಗಾಡಿಯಿಂದಲ್ಲದೆ ಇನ್ನೆಲ್ಲಿಂದ ಇಳಿಯುತ್ತಾನೆ? ಒಂದು ಪದ ತೆಗೆದೆ. ಬೇಡದ ಪದ ಅಚ್ಚಿಗೆ ಹೋಗಬಾರದು ಎಂದು ಪ್ರೆಸ್ಸಿನ ಹಿರಿಯರು ಹೇಳುತ್ತಿದ್ದರು. ಈಗ ಮೂರೂ ಸಾಲು ಒಂದೇ ಅಳತೆಗೆ ಬಂದಿವೆ, ಓದಲು ತಾಳವೂ ಇದೆ.

ಕಾಶೀಂಸಾಬರು ನೋಡಿ, "ಪೇಪರಿನ್ಯಾಗ ಬಂದಂಗ ಐತಿ," ಎಂದರು.

26 ಜುಲೈ, ರವಿವಾರ

ಪಂಚಮಿ. ನನ್ನ ಹೆಂಡತಿ ಅನ್ನಪೂರ್ಣ ಶೇಂಗಾ ಉಂಡಿ ಕಟ್ಟಲು ಬೆಲ್ಲದ ಪಾಕ ಇಟ್ಟಿದ್ದಳು. ಪಾಕ ಬಂದ ಮೇಲೂ ಒಲೆ ಉರಿಯುತ್ತಿತ್ತು. ನಾನು ಹೋಗಿ ಆರಿಸಿದೆ.

"ನಮ್ಮನಿಗೂ ಆವರೇಜ ಹಚ್ಚೀರೇನ್ರಿ? ಒಂದ ಸಿಲಿಂಡರಿಗೆ ಎಷ್ಟ ರೊಟ್ಟಿ ಬೀಳ್ತಾವ ಹೇಳ್ರಿ ನೋಡೂಣು," ಎಂದಳು.

ನಗಲು ಹೇಳಿದ್ದು. ಆದರೆ ಕೇಳಿದ ಮೇಲೆ ಲೆಕ್ಕ ಹಾಕದೆ ಇರಲಾಗಲಿಲ್ಲ. ದಿನಕ್ಕೆ ಹದಿನಾಲ್ಕು ರೊಟ್ಟಿ, ಮೂವತ್ತೆಂಟು ದಿನ. ಐನೂರ ಮೂವತ್ತೆರಡು.

1 ಆಗಸ್ಟ್, ಶನಿವಾರ

ಜುಲೈ ಹಾಳೆಗಳನ್ನು ಕೂಡಿಸಿದೆ. ಒಂದನೇ ಗಾಡಿ 4.3, ಎರಡು 4.2, ಮೂರು 3.7, ನಾಲ್ಕು 4.2, ಐದು 4.0. ಹವಾ ನೋಡಿಸಿದೆ, ಏರ್ ಫಿಲ್ಟರ್ ಊದಿಸಿದೆ, ವಾಪಸ್ ಲೋಡಿಗೆ ಜಕ್ಕಲಿಯ ಈರುಳ್ಳಿ ವ್ಯಾಪಾರಿಗಳ ಬಾಗಿಲು ಕಾದೆ. ಒಂದು ತಿಂಗಳ ಒದ್ದಾಟಕ್ಕೆ ಸಿಕ್ಕಿದ್ದು ಒಂದೊಂದು ದಶಾಂಶ. ಮೂರನೇ ಗಾಡಿಗೆ ಅದೂ ಇಲ್ಲ.

ಮಧ್ಯಾಹ್ನ ಹಳೆ ಗಾಡಿ ಕೊಳ್ಳುವ ಇಬ್ಬರು ಬಂದಿದ್ದರು. ಕಾಶೀಂಸಾಬರೇ ಕರೆಸಿದ್ದು. ಮೂರನೇ ಗಾಡಿಯ ಸುತ್ತ ತಿರುಗಿ, ಟೈರಿಗೆ ಒದ್ದು, ಬಾನೆಟ್ ಎತ್ತಿ ನೋಡಿ ಹೋದರು. ಗವಿಸಿದ್ದಪ್ಪ ಅಲ್ಲೇ ಗಾಜು ಒರೆಸುತ್ತಿದ್ದ.

"ಯಾರ್ರಿ ಅವರು?"

"ಟೈರ್ ಕಂಪನಿಯವರು."

"ಹೌದೇನ್ರಿ? ಎತ್ತಿನ ಹಲ್ಲ ನೋಡಿದಂಗ ನೋಡಿ ಹ್ವಾದ್ರು."

ಸಂಜೆ ಆಫೀಸಿಗೆ ಬೀಗ ಹಾಕುವಾಗ ಅವನು ಬೋರ್ಡಿನ ಮುಂದೆ ನಿಂತಿದ್ದ. ಅಕ್ಷರದ ಕೆಳಗೆ ಬೆರಳು ಸರಿಸುತ್ತ, ತುಟಿ ಆಡಿಸುತ್ತ, ಎರಡನೇ ಸಾಲು ಓದುತ್ತಿದ್ದ. ಮೂರನೇ ಇಯತ್ತೆಯವರೆಗೆ ಕಲಿತವನು. ಅಷ್ಟು ಮನಸ್ಸಿಟ್ಟು ಆ ಬೋರ್ಡನ್ನು ಇನ್ನಾರೂ ಓದಿಲ್ಲ.

13 ಆಗಸ್ಟ್, ಗುರುವಾರ

ಮೂರನೇ ಗಾಡಿ 4.4!

ಮೀಟರ್ ಕೆಟ್ಟಿದೆ ಎಂದುಕೊಂಡೆ. ಕಿಲೋಮೀಟರ್ ಕಲ್ಲುಗಳ ಜೊತೆ ಹೊಂದಿಸಿ ನೋಡಿದೆ, ಸರಿಯಿದೆ. ಬಂಕಿನ ಚೀಟಿಗಳೂ ಸರಿಯಿವೆ. ಗವಿಸಿದ್ದಪ್ಪನನ್ನು ಕರೆದು ಕೇಳಿದೆ.

ಅವನ ಮುಖ ಹಿಗ್ಗಿತು. "ನೀವ ಬರದೀರಲ್ರಿ, ಇಳಿಯುವಾಗ ಬಂದ ಮಾಡ್ರಿ ಅಂತ. ಗುಡ್ಡದ ಮ್ಯಾಗ ಬಂದಕೂಡ್ಲೆ ಇಂಜಿನ್ ಬಂದ ಮಾಡಿ ಬಿಟ್ಟಬಿಡ್ತೀನ್ರಿ. ತಳಕ್ಕ ಬರೂತನಕ ಒಂದ ಹನಿ ಡೀಸೆಲ್ ಇಲ್ಲ. ಎಲ್ಲಾ ಇಳುಕಲಕ್ಕೂ ಹಂಗ ಮಾಡಾಕತ್ತೀನಿ."

ಕೂಡಲೇ ಅರ್ಥವಾಗಲಿಲ್ಲ. ಆಮೇಲೆ ಆಯಿತು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಶೀಂಸಾಬರು ಒಳಗೆ ಬಂದರು, ಮೇಜಿನ ಮೇಲಿದ್ದ ಹಾಳೆ ನೋಡಿದರು. "ಮೂರನೇದ? ನಾಕ ಪಾಯಿಂಟ್ ನಾಕ? ಶಾಬಾಸ್ ಗವಿಸಿದ್ದಪ್ಪ!" ಎಂದು ಅವನ ಬೆನ್ನು ತಟ್ಟಿದರು. ನಾನು ಬಾಯಿ ಮುಚ್ಚಿದೆ.

ಪ್ರೆಸ್ಸಿನ ಹಿರಿಯರ ಮಾತಿನಲ್ಲಿ ಇನ್ನೊಂದು ಭಾಗವಿತ್ತು, ಈಗ ನೆನಪಾಗುತ್ತಿದೆ: ಎರಡು ಅರ್ಥ ಬರುವ ವಾಕ್ಯವೂ ಅಚ್ಚಿಗೆ ಹೋಗಬಾರದು.

ನಾಳೆ ಬೋರ್ಡು ತಿದ್ದಬೇಕು.

14 ಆಗಸ್ಟ್, ಶುಕ್ರವಾರ

ಪೇಂಟಿನ ಡಬ್ಬಿ ತೆರೆದು ನೋಡಿದೆ. ಬಣ್ಣ ಗಟ್ಟಿಯಾಗಿದೆ. ನಾಳೆ ಸ್ವಾತಂತ್ರ್ಯ ದಿನ, ಅಂಗಡಿ ಇರುವುದಿಲ್ಲ.

19 ಆಗಸ್ಟ್, ಬುಧವಾರ

ಯೋಚಿಸಿ ನೋಡಿದೆ. ಗಜೇಂದ್ರಗಡಕ್ಕೆ ಇಳಿಯುವ ಗುಡ್ಡದ ಇಳುಕಲು ನಾಲ್ಕು ಕಿಲೋಮೀಟರೂ ಇಲ್ಲ. ಅಪಾಯವಿದ್ದರೆ ಇಪ್ಪತ್ತೊಂಬತ್ತು ವರ್ಷ ಓಡಿಸಿದವನಿಗೆ ನನಗಿಂತ ಮೊದಲು ತಿಳಿಯುತ್ತದೆ. ಇಂಜಿನ್ ನಿಂತರೆ ಬ್ರೇಕಿಗೆ ಹೊಸ ಹವಾ ತುಂಬುವುದಿಲ್ಲ, ನಿಜ. ಬ್ರೇಕಿನ ಟಾಕಿಯಲ್ಲಿ ಇದ್ದ ಹವಾ ನಾಲ್ಕೈದು ಸಲ ಬ್ರೇಕ್ ಒತ್ತುವಷ್ಟಕ್ಕೆ ಸಾಕು. ಗುಡ್ಡದಲ್ಲಿ ದೊಡ್ಡ ತಿರುವು ಮೂರೇ.

ಬೇಡವೆಂದು ಹೇಳಿದರೆ ಮೂರನೇ ಗಾಡಿ ಮತ್ತೆ 3.7ಕ್ಕೆ ಬೀಳುತ್ತದೆ. ಬಿದ್ದರೆ ಮಾರಾಟ. ಹೇಳದಿದ್ದರೆ ಅವನಿಗೇ ಒಳ್ಳೆಯದು.

1 ಸೆಪ್ಟೆಂಬರ್, ಮಂಗಳವಾರ

ಆಗಸ್ಟ್: 4.4, 4.3, 4.6, 4.3, 4.1. ಮೂರನೇ ಗಾಡಿ ಎಲ್ಲಕ್ಕಿಂತ ಮುಂದೆ.

ಕಾಶೀಂಸಾಬರು ರಮಜಾನಿನ ರೋಜಾ ಉಪವಾಸದಲ್ಲಿದ್ದಾರೆ. ಬಾಯಿ ಒಣಗಿದ್ದರೂ ಇಂದು ಮಾತು ನಿಲ್ಲಲಿಲ್ಲ. ಎಲ್ಲ ಡ್ರೈವರುಗಳನ್ನೂ ಕರೆಸಿ ಮೂರನೇ ಗಾಡಿಗೆ ಒಂದು ಥರ್ಮಾಸ್ ಕೊಟ್ಟರು. "ಇದರಾಗ ಚಾ ತುಂಬಕೊಂಡು ಹೋಗು. ಹೋಟೆಲಿಗೆ ಇಳಿಯೂದ ಬ್ಯಾಡ." ಗವಿಸಿದ್ದಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ.

ಆಮೇಲೆ ನನಗೆ ಹೇಳಿದರು: "ಹಿಂಗ ನಡದ್ರ ಒಂದೂ ಮಾರೂದಿಲ್ಲ, ಈಶಪ್ಪ. ಉಳದವರಿಗೂ ಹೇಳು, ಅಂವ ಮಾಡಿದಂಗ ಮಾಡ್ರಿ ಅಂತ."

ಎರಡು ತಿಂಗಳಲ್ಲಿ ಮೊದಲ ಸಲ ನಿದ್ದೆ ಚೆನ್ನಾಗಿ ಬರಬಹುದು.

2 ಸೆಪ್ಟೆಂಬರ್, ಬುಧವಾರ

ಗ್ಯಾನಪ್ಪ ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಕೇಳಿದ: "ಮ್ಯಾನೇಜರ್ರ, ಈ 'ಇಳಿಯುವಾಗ' ಅಂದ್ರ ಯಾವ ಇಳಿಯೂದ್ರಿ? ಗಾಡಿಯಿಂದ ಇಳಿಯೂದೋ, ಗುಡ್ಡ ಇಳಿಯೂದೋ? ಗವಿಸಿದ್ದಣ್ಣ ಗುಡ್ಡಾ ಅಂತಾನ. ನಾ ಅಂದೆ, ಬ್ರೇಕಿನ ಹವಾ ಹೋಗಿ ನೀನ ಇಳಿದ ಹೊಕ್ಕಿ ಮಾರಾಯಾ, ಸೀದಾ ಕುಣಿಯೊಳಗ."

ಎಲ್ಲರೂ ನನ್ನತ್ತ ನೋಡಿದರು. ಗವಿಸಿದ್ದಪ್ಪನೂ ನೋಡಿದ.

"ಕನ್ನಡ ಓದಾಕ ಬರ್ತದಲ್ಲ? ಬರದದ್ದು ಓದಕೊಳ್ರಿ. ಲೋಡಿಗೆ ಹೊತ್ತಾತು," ಎಂದೆ.

ಸುಳ್ಳು ಹೇಳಲಿಲ್ಲ.

8 ಸೆಪ್ಟೆಂಬರ್, ಮಂಗಳವಾರ

1: 4.4. 2: 4.3. 3: 4.7. 4: 4.5. 5: 4.1.

ನಾಲ್ಕನೆಯದೂ ಏರುತ್ತಿದೆ. ಹೇಗೆಂದು ಕೇಳಲಿಲ್ಲ.

12 ಸೆಪ್ಟೆಂಬರ್, ಶನಿವಾರ

ಮೂರನೇ ಗಾಡಿ ಗುಡ್ಡದಲ್ಲಿ ಬಿದ್ದಿದೆ.

ಗವಿಸಿದ್ದಪ್ಪ ಬದುಕಿದ್ದಾನೆ.

14 ಸೆಪ್ಟೆಂಬರ್, ಸೋಮವಾರ

ತಿಳಿದಷ್ಟನ್ನು ಬರೆದಿಡುತ್ತೇನೆ.

ಶನಿವಾರ ನಾಲ್ಕು ಗಂಟೆಯ ಸುಮಾರಿಗೆ, ಗುಡ್ಡದ ಮೇಲಿನ ಹಳ್ಳಿಗಳಿಂದ ಹೆಸರುಕಾಳಿನ ಚೀಲ ಹೇರಿಕೊಂಡು ಗಜೇಂದ್ರಗಡಕ್ಕೆ ಇಳಿಯುತ್ತಿದ್ದ. ಲೋಡು ಹೆಚ್ಚಿರಲಿಲ್ಲ. ಮೊದಲ ತಿರುವಿಗೆ ಕುರಿ ಹಿಂಡು ಅಡ್ಡ ಬಂದಿತ್ತು. ಅಲ್ಲಿ ಬ್ರೇಕ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಸಾಗಿದ್ದಾನೆ. ಎರಡನೇ ತಿರುವಿಗೆ ಬರುವಷ್ಟರಲ್ಲಿ ಹವಾ ಮುಗಿದಿತ್ತು. ಪೆಡಲು ಹಲಗೆ ಒತ್ತಿದ ಹಾಗೆ ಆಯಿತಂತೆ. ಗೇರಿಗೆ ಹಾಕಿ ಇಂಜಿನ್ ಎಬ್ಬಿಸಲು ನೋಡಿದ್ದಾನೆ. ಆ ವೇಗದಲ್ಲಿ ಗೇರು ಕೂರಲಿಲ್ಲ.

ಮೂರನೇ ತಿರುವಿನಲ್ಲಿ ಕಳೆ ತೆಗೆದು ಮನೆಗೆ ಹೊರಟ ಹೆಣ್ಣುಮಕ್ಕಳು ರಸ್ತೆಯಂಚಿಗೆ ಸಾಲಾಗಿ ಬರುತ್ತಿದ್ದರು. ಒಂಬತ್ತು ಜನ. ಅವನು ಸ್ಟೀರಿಂಗ್ ಬಲಕ್ಕೆ ಎಳೆದು ಗುಡ್ಡದ ಬಂಡೆಗೆ ಗಾಡಿ ಕೊಟ್ಟ. ಅವನು ಕೂತ ಬದಿಯೇ ಬಂಡೆಗೆ ಬಡಿಯಿತು. ಆ ಹೆಣ್ಣುಮಕ್ಕಳೇ ಸೀರೆಯ ಸೆರಗಿನಲ್ಲಿ ಅವನ ಕಾಲು ಕಟ್ಟಿ, ಬಂದ ಟೆಂಪೊ ನಿಲ್ಲಿಸಿ ಹತ್ತಿಸಿದ್ದಾರೆ.

ಬಾಗಲಕೋಟೆಯ ದವಾಖಾನೆಯಲ್ಲಿದ್ದಾನೆ. ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದಾರೆ.

ಕ್ಯಾಬಿನ್ನಿನಲ್ಲಿ ಥರ್ಮಾಸ್ ಸಿಕ್ಕಿತು. ಮೇಲಿನ ಡಬ್ಬಿ ಚಪ್ಪಟೆಯಾಗಿದೆ. ಒಳಗಿನ ಗಾಜು ಪುಡಿಯಾಗಿ ಚಹಾದಲ್ಲಿ ಕಲಸಿದೆ.

17 ಸೆಪ್ಟೆಂಬರ್, ಗುರುವಾರ

ವಿಮೆಯ ತನಿಖೆಗೆ ಒಬ್ಬ ಸಾಹೇಬರು ಬಂದಿದ್ದರು. ಗಾಡಿ ನೋಡಿದರು, ಇಂಜಿನ್ ಬಂದ್ ಇದ್ದದ್ದನ್ನು ಬರೆದುಕೊಂಡರು, ಬೋರ್ಡಿನ ಫೋಟೊ ತೆಗೆದರು.

"ಇಳಿಯುವಾಗ ಅಂದ್ರೆ?"

"ಗಾಡಿಯಿಂದ ಇಳಿಯುವಾಗ, ಸರ್. ಚಹಾಕ್ಕೆ ನಿಂತಾಗ ಚಾಲೂ ಬಿಡಬಾರದು ಅಂತ."

"ಗುಡ್ಡದಲ್ಲಿ ಬಂದ್ ಮಾಡೋದಕ್ಕೆ ನಿಮ್ಮ ಕಡೆಯಿಂದ ಸೂಚನೆ ಇರಲಿಲ್ಲ?"

"ಇರಲಿಲ್ಲ."

"ಅಂದರೆ ತನ್ನ ಮನಸ್ಸಿಗೆ ಬಂದಂತೆ ಮಾಡಿದ್ದಾನೆ. ನನ್ನ ವರದಿ ಹಾಗೇ ಹೋಗುತ್ತೆ. ಪರಿಹಾರದ ಕೇಸು ನಿಲ್ಲೋದು ಕಷ್ಟ. ಲೈಸೆನ್ಸಂತೂ ಹೋಯಿತು ಅಂದ್ಕೊಳ್ಳಿ."

ಲೈಸೆನ್ಸು ಇಟ್ಟುಕೊಂಡು ಅವನೇನು ಮಾಡುತ್ತಾನೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಂಡರು. ನಾಲ್ಕು ಸಾಲು. ಒಂದೂ ಸುಳ್ಳಿಲ್ಲ.



21 ಸೆಪ್ಟೆಂಬರ್, ಸೋಮವಾರ

ರಮಜಾನ್. ಪ್ರತಿ ವರ್ಷದಂತೆ ಕಾಶೀಂಸಾಬರ ಮನೆಗೆ ಹೋದೆ. ಅವರ ಪತ್ನಿ ಬಾನುಬಿಯವರು ಹಾಲು-ಶಾವಿಗೆಯ ಸುರಕುಂಬಾ ಕೊಟ್ಟರು. ಕಾಶೀಂಸಾಬರು ಹೊಸ ಅರಿವೆ ಹಾಕಿರಲಿಲ್ಲ.

"ನನಗ ಒಂದ ತಿಳೀವಲ್ದು. ಇಪ್ಪತ್ತೊಂಬತ್ತು ವರ್ಷದ ಡ್ರೈವರ, ಗುಡ್ಡದಾಗ ಯಾಕ ಬಂದ ಮಾಡಿದ? ನೀ ಏನರ ಕೇಳಿದ್ದೇನು?"

"ಇಲ್ರಿ."

ಇದು ಸುಳ್ಳು.

27 ಸೆಪ್ಟೆಂಬರ್, ರವಿವಾರ

ಖಂಡೇನವಮಿ. ನಾಲ್ಕು ಗಾಡಿ ತೊಳೆದು, ಚೆಂಡು ಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಪ್ರತಿ ವರ್ಷ ಮೊದಲ ಕಾಯಿ ಒಡೆಯುತ್ತಿದ್ದವನು ಗವಿಸಿದ್ದಪ್ಪ. ಇಂದು ಕಾಯಿ ಹಿಡಿದು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಕಾಶೀಂಸಾಬರೇ, "ಒಡೀರಪಾ, ಹೊತ್ತಾಕ್ಕೈತಿ," ಎಂದರು. ಮೈನುದ್ದೀನ ಒಡೆದ.

ಗ್ಯಾನಪ್ಪ ಬೋರ್ಡಿಗೂ ಕುಂಕುಮ ಹಚ್ಚಿದ. ನನ್ನನ್ನು ನೋಡುತ್ತಲೇ ಹಚ್ಚಿದ. ತಮಾಷೆಯ ಮುಖವಿರಲಿಲ್ಲ.

28 ಸೆಪ್ಟೆಂಬರ್, ಸೋಮವಾರ

ಬನ್ನಿ ಹಬ್ಬ. ಇಂದಿನದನ್ನು ಪೂರ್ತಿ ಬರೆಯಬೇಕು.

ಗ್ಯಾನಪ್ಪನ ಗಾಡಿ ಬಾಗಲಕೋಟೆಗೆ ಸಿಮೆಂಟಿಗೆ ಹೊರಟಿತ್ತು. ಬನ್ನಿ ಎಲೆ ಕಿಸೆಯಲ್ಲಿಟ್ಟುಕೊಂಡು ಹತ್ತಿದೆ. ಹೋಗುವಾಗ ಅವನು ಒಂದು ಮಾತೂ ಆಡಲಿಲ್ಲ. ಗ್ಯಾನಪ್ಪ ಎರಡು ತಾಸು ಬಾಯಿ ಮುಚ್ಚಿದ್ದು ನನ್ನ ಕಾಲದಲ್ಲಿ ಇದೇ ಮೊದಲು.

ಗವಿಸಿದ್ದಪ್ಪ ಎದ್ದು ಕೂತಿದ್ದ. ಹೊದಿಕೆ ಒಂದು ಬದಿಗೆ ಎತ್ತರವಾಗಿ, ಇನ್ನೊಂದು ಬದಿಗೆ ಸಪಾಟಾಗಿ ಇತ್ತು. ಅವನ ಹೆಂಡತಿ ಅನ್ನವ್ವ ಕೆಳಗೆ ಚಾಪೆಯ ಮೇಲೆ ಕೂತಿದ್ದಳು. ಸೀರೆ ನೇಯುವ ಹೆಣ್ಣುಮಗಳು. ಹದಿನಾರು ದಿನದಿಂದ ಮಗ್ಗ ನಿಂತಿದೆ.

ನಾನು ಬನ್ನಿ ಕೊಡುವ ಮೊದಲೇ ಅವನು ದಿಂಬಿನ ಕೆಳಗಿಂದ ನಾಲ್ಕು ಎಲೆ ತೆಗೆದು ನನ್ನ ಕೈಯಲ್ಲಿಟ್ಟ. "ಬನ್ನಿ ತಗೊಳ್ರಿ ಮ್ಯಾನೇಜರ್ರ, ಬಂಗಾರದಂಗ ಇರೂಣು." ಆಮೇಲೆ ಹೇಳಿದ: "ವಿಮೇದ ಸಾಹೇಬ ಬಂದಿದ್ದ. ಬೋರ್ಡಿನ ಮಾತ ಗುಡ್ಡದ್ದಲ್ಲ, ಚಾಕ್ಕ ಇಳಿಯೂದರದ್ದು ಅಂತ ತಿಳಿಸಿ ಹ್ವಾದ. ಗ್ಯಾನಪ್ಪ ಅಂದಾಗೂ ನಗಿಗೆ ಅಂತಾನ ಅಂದ್ಕೊಂಡಿದ್ದೆ, ನನಗ ಹಂಗ ಹೊಳೀಲೇ ಇಲ್ರಿ. ಬ್ಯಾಟರಿ ಸತ್ತದ್ದು ಮ್ಯಾನೇಜರ್ರಿಗೆ ಗೊತ್ತೈತಿ. ನಿಂತಲ್ಲಿ ಬಂದ ಮಾಡಿದ್ರ ದಬ್ಬಾಕ ನಾಕ ಮಂದಿ ಬೇಕು. ಗುಡ್ಡದಾಗ ಬಂದ ಮಾಡಿದ್ರ ತಳದಾಗ ಗೇರಿಗೆ ಹಾಕಿ ಎಬ್ಬಸಬೌದು. ನನ್ನ ಗಾಡಿ ನೋಡೇ ಹಂಗ ಬರದಾರ, ಶಾಣ್ಯಾ ಮನಶ್ಯಾ, ಅಂದ್ಕೊಂಡೆ."



ಅವನು ದನಿ ತಗ್ಗಿಸಿದ. "ನಾ ನಿಮಗ ಮದಲ ಹೇಳಿದ್ದು ಸಾಹೇಬಗ ಹೇಳಿಲ್ರಿ. ನಿಮಗೂ ಮನಿ ಐತಿ."

ಅನ್ನವ್ವನಿಗೆ ಕೇಳಿಸಿತು. "ಏನ ಹೇಳಿದ್ದಿ? ಯಾವಾಗ?"

"ಸುಮ್ನಿರು ನೀ."

"ಸುಮ್ನ ಯಾಕ ಇರ್ಲಿ?" ಅವಳು ಎದ್ದು ನಿಂತಳು. ನನ್ನನ್ನೇ ಕೇಳಿದಳು: "ಇವರು ಬಂದ ಮಾಡೂದು ನಿಮಗ ಗೊತ್ತಿತ್ತೇನ್ರಿ?"

ನನ್ನ ಕೈಯಲ್ಲಿ ಎಲೆಗಳಿದ್ದವು.

"ಗೊತ್ತಿದ್ದು ಬ್ಯಾಡ ಅನ್ನಲಿಲ್ಲಾ?" ಎಂದಳು. ಆಮೇಲೆ, ಕೂಗದೆ: "ಮಗ್ಗದಾಗ ನೂಲು ಹರದ್ರ ಆಗಿಂದಾಗ ನಿಂದ್ರಿಸಿ ಗಂಟ ಹಾಕ್ತೀವ್ರಿ. ಹರದದ್ದು ಕಂಡೂ ನೇಕೋತ ಹೋಗೂದಿಲ್ಲ."

ಗವಿಸಿದ್ದಪ್ಪ ಗೋಡೆಯ ಕಡೆ ಮುಖ ಮಾಡಿದ.

ನಾನು ತಂದಿದ್ದ ಬನ್ನಿ ಕಿಸೆಯಲ್ಲೇ ಉಳಿಯಿತು.

ಬರುವಾಗ ಸಂಜೆಯಾಗಿತ್ತು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಇಳುಕಲು ಶುರುವಾಗುವ ಕಲ್ಲಿನ ಹತ್ತಿರ ಗ್ಯಾನಪ್ಪ ಗಾಡಿ ನಿಲ್ಲಿಸಿದ. ಇಂಜಿನ್ನಿನ ಗುಂಡಿಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದ.

"ಇಳಿಯಾಕತ್ತೀವಿ, ಮ್ಯಾನೇಜರ್ರ. ಬಂದ ಮಾಡ್ಲೇನ್ರಿ?"

"ಬ್ಯಾಡ," ಎಂದೆ.

"ಜೋರಾಗಿ ಹೇಳ್ರಿ. ಇಂಜಿನ್ ಸಪ್ಪಳದಾಗ ಕೇಳವಲ್ದು."

"ಬ್ಯಾಡೋ ಗ್ಯಾನಪ್ಪಾ!"

"ಈ ಒಂದ ಮಾತಿಗೆ ಏನ್ರಿ ಖರ್ಚು ಬರ್ತಿತ್ತು?" ಎಂದು ಎರಡನೇ ಗೇರಿಗೆ ಹಾಕಿದ. ಇಂಜಿನ್ ಗುಡ್ಡದ ಬುಡದವರೆಗೂ ನರಳುತ್ತ ಇಳಿಯಿತು. ಮೂರನೇ ತಿರುವಿನಲ್ಲಿ ಬಂಡೆಯ ಮೇಲೆ ಹಸಿರು ಬಣ್ಣ ಉಜ್ಜಿದ ಗುರುತು ಇತ್ತು. ನೆಲದ ಮೇಲೆ ಚೆಲ್ಲಿದ್ದ ಹೆಸರು ಮೊಳಕೆಯೊಡೆದು ಗೇಣುದ್ದ ಬೆಳೆದಿದೆ.

30 ಸೆಪ್ಟೆಂಬರ್, ಬುಧವಾರ

ನಿನ್ನೆಯಿಂದ ಮಳೆ ಬಿಟ್ಟಿಲ್ಲ. ಮೆಣಸಗಿಯ ಕಡೆ ಮಲಪ್ರಭೆ ಏರುತ್ತಿದೆ ಎಂದು ಮೈನುದ್ದೀನ ಹೇಳಿದ. ಇಂದು ಒಂದು ಗಾಡಿಯೂ ಹೊರಡಲಿಲ್ಲ. ಯಾವ ಆವರೇಜೂ ಬರೆಯುವುದಿರಲಿಲ್ಲ.

ವಿಮೆಯ ಸಾಹೇಬರಿಗೆ ಹೊಸ ಹೇಳಿಕೆ ಬರೆಯಲು ಕೂತೆ. ಮೊದಲ ಕರಡಿನಲ್ಲಿ 'ಬೋರ್ಡಿನ ಬರಹದಲ್ಲಿ ಅರ್ಥವ್ಯತ್ಯಾಸ ಉಂಟಾಗಿದ್ದು' ಎಂದಿತ್ತು. ಉಂಟಾಗಲು ಅದೇನು ಮಳೆಯೇ? ಹರಿದೆ. ಎರಡನೆಯದರಲ್ಲಿ 'ನನ್ನ ಗಮನಕ್ಕೆ ಬಂದಿದ್ದರೂ ಕೆಲಸದ ಒತ್ತಡದಿಂದ' ಎಂದಿತ್ತು. ಅದನ್ನೂ ಹರಿದೆ. ಮೂರನೆಯದನ್ನು ಕಾಶೀಂಸಾಬರ ಮುಂದಿಟ್ಟೆ. ಜೊತೆಗೆ ಆಗಸ್ಟ್ ತಿಂಗಳ ಈ ಪುಟಗಳನ್ನೂ ತೆರೆದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಹಬ್ಬದ ದಿನ ನನ್ನ ಮನ್ಯಾಗ ಕುಂತು, ನನ್ನ ಮನೀ ಸುರಕುಂಬಾ ಕುಡಕೋತ, ಇಲ್ರಿ ಅಂದಿ."

"ಹೌದ್ರಿ."

"ಇದು ಕೊಟ್ರ ತಪ್ಪು ಟ್ರಾನ್ಸ್‌ಪೋರ್ಟಿಂದಾಕ್ಕೈತಿ. ಅವಗ ಪರಿಹಾರ ಸಿಗಬೌದು. ನನಗ ಎರಡಲ್ಲ, ಮೂರು ಗಾಡಿ ಮಾರೂ ಪಾಳಿ ಬರಬೌದು."

"ಹೌದ್ರಿ."

ತಗಡಿನ ಮೇಲೆ ಮಳೆಯ ಸಪ್ಪಳವಿತ್ತು. ಅವರು ಎದ್ದು ಕಪಾಟಿನಿಂದ ಸಿಕ್ಕಾ ತೆಗೆದರು. ಮಸಿಯ ಗಾದಿಗೆ ಒತ್ತಿ, ನನ್ನ ಸಹಿಯ ಪಕ್ಕದಲ್ಲಿ ಹೊಡೆದರು. ಎರಡು ಕಡೆ ಹೊಡೆದರು, ಅಳಿಸದ ಹಾಗೆ.

"ಅಂವ ಮಾಡಿದಂಗ ಮಾಡ್ರಿ ಅಂತ ಉಳದವರಿಗೆ ಹೇಳು ಅಂದಾಂವ ನಾನ. ಅದನ್ನೂ ಬರಿ."

ಬರೆದೆ.

"ನಾಳಿಂದ ನೀ ಬರಬ್ಯಾಡ, ಈಶಪ್ಪ."

"ಹೌದ್ರಿ."

ಬೋರ್ಡು ಬಿಚ್ಚಿ ಗೋಡೆಗೆ ಒರಗಿಸಿ, ಕೀಲಿಕೈ ಮೇಜಿನ ಮೇಲಿಟ್ಟು ಬಂದೆ. ಅನ್ನಪೂರ್ಣಳಿಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಒಲೆ ಹಚ್ಚಿ ನೀರಿಟ್ಟಳು. ನೀರು ಕುದ್ದು ಇಂಗುತ್ತ ಬಂದರೂ ಒಲೆ ಉರಿಯುತ್ತಿತ್ತು. ನಾನು ಏಳಲಿಲ್ಲ.

ಹೇಳಿಕೆಯಲ್ಲಿ ನನ್ನ ಪಾಲಿನದನ್ನು ಇಲ್ಲಿ ಇಳಿಸಿಕೊಂಡಿದ್ದೇನೆ:

'ಗುಡ್ಡದ ಇಳುಕಲಿನಲ್ಲಿ ಇಂಜಿನ್ ಬಂದ್ ಮಾಡಬೇಕೆಂದೇ ನನ್ನ ಬೋರ್ಡು ಹೇಳುತ್ತದೆ ಎಂದು ಡ್ರೈವರ್ ಗವಿಸಿದ್ದಪ್ಪ ತಿಳಿದಿದ್ದ. ಹಾಗೆ ಮಾಡುತ್ತಿದ್ದೇನೆಂದು ಅವನೇ ನನಗೆ ಆಗಸ್ಟ್ ಹದಿಮೂರರಂದು ಹೇಳಿದ. ಅದರಿಂದ ಬ್ರೇಕ್ ಹೋಗುತ್ತದೆಂದು ನನಗೆ ಗೊತ್ತಿತ್ತು. ಆವರೇಜ್ ಏರಿದ್ದರಿಂದ ನಾನು ಬೇಡವೆನ್ನಲಿಲ್ಲ.'

ಮೂರು ಸಲ ಓದಿದೆ. ಎರಡನೇ ಅರ್ಥ ಬರುವುದಿಲ್ಲ.